ಶೇಕಡಾ 30ರ ಪ್ರಮಾಣಪತ್ರ ಮತ್ತು ನಾನು ಕೇಳಿದ ನಾಲ್ಕು ಬದಲಾವಣೆಗಳು

ವೈದ್ಯಕೀಯ ಮಂಡಳಿ ನನ್ನ ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ ಶೇಕಡಾ 30 ಎಂದು ಬರೆದ ದಿನವೇ ನಮ್ಮ ಸ್ಟಾಫ್ ರೂಮಿನಲ್ಲಿ ನನ್ನ ವಿಷಯ ಇತ್ಯರ್ಥವಾಗಿಬಿಟ್ಟಿತ್ತು. ನಲವತ್ತು ಇಲ್ಲದಿದ್ದರೆ ಏನೂ ಸಿಗುವುದಿಲ್ಲ ಎಂಬುದು ಎಲ್ಲರ ಬಾಯಲ್ಲೂ ಇದ್ದ ಮಾತು. ನನ್ನ ಮೇಲೆ ಅಕ್ಕರೆ ಇದ್ದವರೂ ಅದನ್ನೇ ಹೇಳಿದರು, ಇಲ್ಲದವರೂ ಅದನ್ನೇ ಹೇಳಿದರು. ಆ ಮಾತಿನಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧಕ್ಕಾಗಿ ನಾನು ನಡೆಸಿದ ಪತ್ರವ್ಯವಹಾರವನ್ನೂ ಓಡಾಟವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಗಡಿನಾಡಿನ ಶಾಲೆ, ಕಚೇರಿ, ಸೊಸೈಟಿಗಳಲ್ಲಿ ನನ್ನಂತೆ ನಲವತ್ತರ ಗೆರೆಯ ಕೆಳಗೆ ನಿಂತವರು ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ಇದು ಸಿಗಬೇಕೆಂಬುದು ನನ್ನ ಆಸೆ.

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಟೀಚರ್. ನನ್ನ ಎಡಗಣ್ಣಿನ ಅಕ್ಷಿಪಟಲ ಕಳಚಿಕೊಂಡಿತು. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಬಂದರೆ ತಲಪಾಡಿ ದಾಟಿ ಮಂಗಳೂರಿಗೇ ಹೋಗಬೇಕು. ಅಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಕಣ್ಣು ಉಳಿಯಿತು, ದೃಷ್ಟಿ ಉಳಿಯಲಿಲ್ಲ. ಬಲಗಣ್ಣು ಚೆನ್ನಾಗಿಯೇ ಇದೆ. ಪತ್ರಿಕೆ ಓದುತ್ತೇನೆ, ಉತ್ತರಪತ್ರಿಕೆ ತಿದ್ದುತ್ತೇನೆ, ಬೋರ್ಡಿನ ಮೇಲೆ ಸಾಲು ಓರೆಯಾಗದಂತೆ ಬರೆಯುತ್ತೇನೆ. ಹಾಗಾಗಿ ನೋಡುವವರಿಗೆ ನನಗೇನೂ ಆದಂತೆ ಕಾಣುವುದಿಲ್ಲ.

ಆದದ್ದು ಬೇರೆ. ಎರಡು ಕಣ್ಣು ಸೇರಿ ಕೊಡುತ್ತಿದ್ದ ಆಳದ ಅಂದಾಜು ಹೋಯಿತು. ಲೋಟಕ್ಕೆ ನೀರು ಹೊಯ್ಯುವಾಗ ಹೂಜಿಯ ಬಾಯಿಯನ್ನು ಲೋಟದ ಅಂಚಿಗೆ ತಾಗಿಸಿಯೇ ಹೊಯ್ಯಬೇಕು. ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ಮುಗಿಯಿತೋ ಇನ್ನೊಂದಿದೆಯೋ ಎಂದು ಪಾದ ಹುಡುಕುತ್ತದೆ. ಎಡಗಡೆಯ ಲೋಕ ಮೂಗಿನ ಹತ್ತಿರವೇ ಮುಗಿದುಹೋಗುತ್ತದೆ. ನನ್ನ ಮೇಜು ತರಗತಿಯ ಬಲಮೂಲೆಯಲ್ಲಿತ್ತು. ಮಕ್ಕಳ ಕಡೆಗೆ ಮುಖ ಮಾಡಿ ಕುಳಿತರೆ ಅರ್ಧಕ್ಕಿಂತ ಹೆಚ್ಚು ಬೆಂಚುಗಳು ನನ್ನ ಎಡಕ್ಕೆ ಬೀಳುತ್ತಿದ್ದವು. ಐದನೆಯ ತರಗತಿಯ ಒಬ್ಬ ಹುಡುಗಿ ನೋಟ್‌ಪುಸ್ತಕ ಹಿಡಿದು ಎಡಗಡೆ ಬಂದು ನಿಲ್ಲುತ್ತಿದ್ದಳಂತೆ. ಮಾತಾಡಲು ಸಂಕೋಚದ ಮಗು. ನಾನು ತಿರುಗದೇ ಇದ್ದಾಗ ಸುಮ್ಮನೆ ಹಿಂದಿರುಗಿ ಹೋಗುತ್ತಿದ್ದಳು. "ಟೀಚರಿಗೆ ನನ್ನನ್ನು ಕಂಡರೆ ಆಗುವುದಿಲ್ಲ" ಎಂದು ಮನೆಯಲ್ಲಿ ಅತ್ತಿದ್ದಾಳೆ ಎಂದು ಅವಳ ತಾಯಿ ಪಿ.ಟಿ.ಎ. ಸಭೆಯ ದಿನ ಬಂದು ಹೇಳಿದರು. ಅರ್ಜಿ ಬರೆಯಲೇಬೇಕು ಎಂದು ನಾನು ನಿಶ್ಚಯಿಸಿದ್ದು ಅಂದು.

ಕೇಳಿದ್ದು ನಾಲ್ಕೇ ವಿಷಯ. ಮೇಜನ್ನು ಎಡಮೂಲೆಗೆ ಹಾಕಿಸಿ, ಇಡೀ ತರಗತಿ ನನ್ನ ಬಲಗಣ್ಣಿಗೆ ಬೀಳುವಂತೆ ಮಾಡಬೇಕು. ಮೇಲಿನ ಮಹಡಿಗೆ ಹೋಗುವ ಮೆಟ್ಟಿಲುಗಳ ಅಂಚಿಗೆ ಹಳದಿ ಬಣ್ಣ ಬಳಿಯಬೇಕು. ಮುರಕಲ್ಲಿನ ಮೇಲೆ ಸಿಮೆಂಟ್ ಸಾರಿಸಿದ ಆ ಮೆಟ್ಟಿಲುಗಳಲ್ಲಿ ಒಂದರ ಅಂಚು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದೇ ಗೊತ್ತಾಗುವುದಿಲ್ಲ. ಆಗುವಷ್ಟು ಮಟ್ಟಿಗೆ ನನ್ನ ಪೀರಿಯಡ್‌ಗಳನ್ನು ಕೆಳಗಿನ ಮಹಡಿಯಲ್ಲಿ ಇಡಬೇಕು. ಸಂಜೆ ಮಕ್ಕಳನ್ನು ರಸ್ತೆ ದಾಟಿಸುವ ಡ್ಯೂಟಿಯ ಬದಲಿಗೆ ನನಗೆ ಬೇರೆ ಕೆಲಸ ಕೊಡಬೇಕು. ಶಾಲೆ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಅಂಟಿಕೊಂಡಿದೆ. ಆರು ಪಥದ ಕಾಮಗಾರಿ ಬಂದ ಮೇಲೆ ಸರ್ವಿಸ್ ರಸ್ತೆಯಲ್ಲಿ ವಾಹನಗಳು ಯಾವ ಕಡೆಯಿಂದ ನುಗ್ಗುತ್ತವೆ ಎಂದು ಎರಡು ಕಣ್ಣಿದ್ದವರಿಗೇ ಹೇಳಲಾಗುವುದಿಲ್ಲ. ಮಕ್ಕಳ ಕೈಹಿಡಿದು ಅಲ್ಲಿ ನಿಲ್ಲಲು ನನಗೆ ಧೈರ್ಯವಿರಲಿಲ್ಲ.

ಅರ್ಜಿಯ ಜೊತೆ ಪ್ರಮಾಣಪತ್ರ ಬೇಕೆಂದರು. ಮಂಗಳೂರಿನ ಆಸ್ಪತ್ರೆಯ ಕಾಗದಪತ್ರ ಎಷ್ಟೇ ದಪ್ಪವಿದ್ದರೂ ಅದು ಪ್ರಮಾಣಪತ್ರವಾಗುವುದಿಲ್ಲ; ಸರಕಾರ ಗೊತ್ತುಪಡಿಸಿದ ವೈದ್ಯಕೀಯ ಪ್ರಾಧಿಕಾರವೇ ಅದನ್ನು ಕೊಡಬೇಕು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಕರೆ ಬಂದ ದಿನ ಮಂಡಳಿಯ ಮುಂದೆ ಕುಳಿತೆ. ನೇತ್ರತಜ್ಞೆ ನನ್ನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, "ಎಷ್ಟು ಬೆರಳು?" ಎಂದು ಕೇಳಿದರು. ಕಿಟಕಿಯಿದ್ದ ಕಡೆ ಮಂಕು ಬೆಳಕು ಕಾಣುತ್ತಿತ್ತು, ಬೆರಳು ಕಾಣಲಿಲ್ಲ. ಅಂಗೈಯನ್ನು ತೆಗೆದು ಬಲಗಣ್ಣಿನಿಂದ ಚಾರ್ಟ್ ಓದಿಸಿದರು, ಕೊನೆಯ ಸಾಲಿನವರೆಗೂ ಓದಿದೆ. ಸರಕಾರದ ಮಾರ್ಗಸೂಚಿಯಂತೆ ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಪೂರ್ತಿ ಹೋದವರಿಗೆ ಶೇಕಡಾ 30. ಅವರು ಬರೆದದ್ದು ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ನಲವತ್ತಕ್ಕಿಂತ ಕೆಳಗಿನವರಿಗೆ ಬರುವ ಬಿಳಿ ಬಣ್ಣದ ಕಾರ್ಡು ನನ್ನ ಕೈಸೇರಿತು.

ಅಲ್ಲಿ ಸರತಿಯಲ್ಲಿ ಕುಳಿತಿದ್ದಾಗಿನ ಒಂದು ಸಂಕಟವನ್ನು ಹೇಳಲೇಬೇಕು. ನಮ್ಮ ಜಿಲ್ಲೆಯಲ್ಲಿ ಅಂಗವೈಕಲ್ಯ ಎಂದರೆ ಮೊದಲು ಕಣ್ಣ ಮುಂದೆ ಬರುವುದು ಎಂಡೋಸಲ್ಫಾನ್. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರ್‌ನಿಂದ ಸುರಿದ ವಿಷ ಎಣ್ಮಕಜೆಯಂಥ ಊರುಗಳ ಮನೆಮನೆಯಲ್ಲಿ ಏನು ಮಾಡಿತೆಂದು ನಾವು ನೋಡಿಕೊಂಡೇ ಬೆಳೆದವರು. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಆ ಹಣಕ್ಕಾಗಿ ತಾಯಂದಿರು ಬೀದಿಯಲ್ಲಿ ಕೂರಬೇಕಾಯಿತು. ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ತಾಯಿ, ತನ್ನಷ್ಟೇ ಎತ್ತರದ ಮಗನನ್ನು ಮಡಿಲಿಗೆ ಒರಗಿಸಿಕೊಂಡು ಕುಳಿತಿದ್ದರು. ಅವರ ಎದುರು ನಾನೂ ಅಂಗವಿಕಲೆ ಎಂದು ಕಾಗದ ಹಿಡಿದು ಕೂರುವುದು ಸರಿಯೇ ಎಂದು ಮನಸ್ಸು ಕೊರೆಯುತ್ತಿತ್ತು. ಆ ತಾಯಿಗೆ ಸಿಗಬೇಕಾದದ್ದರಲ್ಲಿ ಒಂದು ಕಾಳನ್ನೂ ನಾನು ಕೇಳುತ್ತಿಲ್ಲ, ನಾನು ಕೇಳುತ್ತಿರುವುದು ಮೇಜಿನ ಜಾಗ ಬದಲಿಸಿ ಎಂದು ಮಾತ್ರ. ಈ ಎರಡನ್ನೂ ಕಾನೂನು ಬೇರೆ ಬೇರೆ ಖಾನೆಯಲ್ಲಿ ಇಟ್ಟಿದೆ ಎಂಬುದು ಆಮೇಲೆ ಓದಿದಾಗ ಗೊತ್ತಾಗಿ ಎಷ್ಟೋ ಸಮಾಧಾನವಾಯಿತು.

ಅರ್ಜಿಗೆ ಬಾಯಿಮಾತಿನ ಉತ್ತರ ಬಂತು. ಮುಖ್ಯೋಪಾಧ್ಯಾಯರು ಕರೆದು, "ಟೀಚರೇ, ನಾನು ಯಾರಿಗೂ ಭೇದ ಮಾಡಿದವನಲ್ಲ. ಎಲ್ಲರಿಗೂ ಒಂದೇ ನಿಯಮ. ನಿಮಗೊಬ್ಬರಿಗೆ ಸಡಿಲಿಸಿದರೆ ನಾಳೆ ಮಂಡಿನೋವಿನವರೆಲ್ಲ ಬರುತ್ತಾರೆ. ಅದೂ ಅಲ್ಲದೆ ನಲವತ್ತು ಇಲ್ಲವಲ್ಲ" ಎಂದರು. ಅವರು ಒಳ್ಳೆಯ ಮನುಷ್ಯ. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ನನ್ನ ತರಗತಿಗಳನ್ನು ತಾವೇ ತೆಗೆದುಕೊಂಡವರು. ಅವರ ಮಾತಿಗೆ ಎದುರಾಡಲು ನಾಲಿಗೆ ಏಳಲಿಲ್ಲ. ಮ್ಯಾನೇಜರ್ ಮಾತ್ರ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಷ್ಟು ಕಷ್ಟವಿದ್ದರೆ ಟೀಚರನ್ನು ಏಳನೆಯ ತರಗತಿಯಿಂದ ಬಿಡಿಸಿ ಲೈಬ್ರರಿ ನೋಡಿಕೊಳ್ಳಲು ಹೇಳೋಣ, ಮಕ್ಕಳ ಸುರಕ್ಷತೆಯೂ ಮುಖ್ಯ ಎಂದು ಸ್ಟಾಫ್ ಕೌನ್ಸಿಲ್‌ನಲ್ಲಿ ಸೂಚಿಸಿದರು. ಕೇಳಿದ್ದನ್ನು ಕೊಡದೆ, ಕೇಳದೇ ಇದ್ದದ್ದನ್ನು ತಲೆಗೆ ಕಟ್ಟುವ ಮಾತು ಇದು. ಪಾಠ ಮಾಡುವುದೇ ನನ್ನ ಜೀವ. ಅಂದು ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗೆಳತಿಯೊಬ್ಬಳು ಈಗ ವಕೀಲೆ. ಅವಳ ಮನೆಯ ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಹೇಳಿಕೊಂಡೆ. ಅವಳು ಅನುಕಂಪದ ಮಾತು ಒಂದನ್ನೂ ಆಡಲಿಲ್ಲ. ಒಳಗಿನಿಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ ಪ್ರತಿ ತಂದು ನನ್ನ ಮುಂದಿಟ್ಟಳು. "ಎರಡನೆಯ ಸೆಕ್ಷನ್ ಮಾತ್ರ ಓದು. ಅದು ಬರೀ ವ್ಯಾಖ್ಯೆಗಳು ಎಂದು ಜನ ಹಾರಿಸಿಬಿಡುತ್ತಾರೆ. ನಿನ್ನ ಕೇಸು ಪೂರ್ತಿ ಅಲ್ಲೇ ಇದೆ" ಎಂದಳು.

ಅವಳು ಹೇಳಿದ್ದು ನಿಜ. ಮೊದಲು ನಲವತ್ತರ ಸಂಗತಿ. 1995ರ ಹಳೆಯ ಕಾಯ್ದೆಯಲ್ಲಿ ಅಂಗವಿಕಲ ವ್ಯಕ್ತಿ ಎಂದರೆ ಶೇಕಡಾ 40ಕ್ಕೆ ಕಡಿಮೆ ಇಲ್ಲದ ಅಂಗವೈಕಲ್ಯ ಇರುವವರು ಎಂದೇ ಬರೆದಿತ್ತು. ಏಳೇ ಬಗೆಯ ಅಂಗವೈಕಲ್ಯಗಳು, ಮೇಲೆ ಈ ಗೆರೆ. ಗೆರೆಯ ಕೆಳಗಿನವರು ಆ ಕಾನೂನಿನ ಪಾಲಿಗೆ ಇಲ್ಲವೇ ಇಲ್ಲ. ಇಪ್ಪತ್ತು ವರ್ಷ ನಡೆದ ಆ ರೂಢಿ ಸ್ಟಾಫ್ ರೂಮುಗಳಲ್ಲಿ ಇಂದಿಗೂ ಮಾತಾಡುತ್ತಿದೆ. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 2007ರಲ್ಲಿ ಅಂಗೀಕಾರ ಕೊಟ್ಟಿತು. ಅದಕ್ಕೆ ತಕ್ಕಂತೆ 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಹೊಸ ಕಾಯ್ದೆ ಒಂದನ್ನು ಎರಡು ಮಾಡಿತು. 2(ಎಸ್) ಅಡಿಯಲ್ಲಿ ಅಂಗವಿಕಲ ವ್ಯಕ್ತಿ ಎಂದರೆ ದೇಹದ, ಮನಸ್ಸಿನ, ಬುದ್ಧಿಯ ಅಥವಾ ಇಂದ್ರಿಯದ ದೀರ್ಘಕಾಲದ ಕೊರತೆ ಇದ್ದು, ಆ ಕೊರತೆ ಹೊರಗಿನ ಅಡೆತಡೆಗಳ ಜೊತೆ ಸೇರಿ, ಇತರರಿಗೆ ಸಮನಾಗಿ ಸಮಾಜದಲ್ಲಿ ಪೂರ್ಣವಾಗಿ ಪಾಲ್ಗೊಳ್ಳುವುದಕ್ಕೆ ತೊಡಕಾಗಿರುವವರು. ಇಲ್ಲಿ ಶೇಕಡಾವಾರು ಲೆಕ್ಕವೇ ಇಲ್ಲ. ನಲವತ್ತು ಬರುವುದು 2(ಆರ್)ನಲ್ಲಿ, ಮಾನದಂಡದ ಅಂಗವೈಕಲ್ಯ ಇರುವವರು ಎಂಬ ಬೇರೆಯೇ ಗುಂಪಿಗೆ. ಉದ್ಯೋಗದಲ್ಲಿ ಶೇಕಡಾ 4ರ ಮೀಸಲಾತಿಯಂಥ ವಿಶೇಷ ಸೌಲಭ್ಯಗಳ ಆರನೆಯ ಅಧ್ಯಾಯ ಆ ಗುಂಪಿನದು. ಬೆಂಚಿನ ಮೇಲೆ ಕುಳಿತಿದ್ದ ಆ ತಾಯಿಯ ಮಗನಿಗೆ ಆ ಅಧ್ಯಾಯ ಬೇಕು. ನನಗೆ ಬೇಕಾದದ್ದು ಅದರಲ್ಲಿಲ್ಲ.

2(ಎಸ್) ಅನ್ನು ನಾನು ಮತ್ತೆ ಮತ್ತೆ ಓದಿದೆ. ಅಂಗವೈಕಲ್ಯ ನನ್ನ ಕಣ್ಣಿನೊಳಗೆ ಮಾತ್ರ ಕುಳಿತಿಲ್ಲ. ಕಣ್ಣು ಆ ಬೂದುಬಣ್ಣದ ಮೆಟ್ಟಿಲನ್ನು ಎದುರಾಗುವ ಜಾಗದಲ್ಲಿದೆ. ನನ್ನ ಕಣ್ಣನ್ನು ಮಂಗಳೂರಿನ ವೈದ್ಯರಿಂದಲೂ ಸರಿಪಡಿಸಲು ಆಗಲಿಲ್ಲ. ಮೆಟ್ಟಿಲನ್ನು ಒಂದು ಡಬ್ಬಿ ಬಣ್ಣ ಸರಿಪಡಿಸುತ್ತದೆ. ಅಡೆತಡೆ ಎಂದರೇನೆಂದು 2(ಸಿ) ಹೇಳುವಾಗ ಕಟ್ಟಡದಂಥ ರಚನೆಗಳನ್ನು ಮಾತ್ರ ಎಣಿಸಿ ಬಿಡುವುದಿಲ್ಲ. ಸಂವಹನ, ಸಂಸ್ಕೃತಿ, ಹಣಕಾಸು, ಸಂಸ್ಥೆಗಳ ನಡವಳಿಕೆ, ಜನರ ಮನೋಭಾವ, ಇವೆಲ್ಲವನ್ನೂ ಹೆಸರಿಸುತ್ತದೆ. "ನಿಮಗೇನಾಗಿದೆ, ಚೆನ್ನಾಗಿಯೇ ಓದುತ್ತೀರಲ್ಲ" ಎಂಬ ಮಾತು ಈ ಪಟ್ಟಿಯಲ್ಲಿ ಎಲ್ಲಿ ಬರುತ್ತದೆಂದು ನನಗೆ ಕೂಡಲೇ ಗೊತ್ತಾಯಿತು.

ಆದರೆ ನನ್ನ ಎದೆಯ ಭಾರ ಇಳಿಸಿದ್ದು 2(ಎಚ್), ತಾರತಮ್ಯದ ವ್ಯಾಖ್ಯೆ. ಅಂಗವೈಕಲ್ಯದ ಕಾರಣಕ್ಕೆ ಮಾಡುವ ಯಾವುದೇ ಭೇದ, ಹೊರಗಿಡುವಿಕೆ ಅಥವಾ ನಿರ್ಬಂಧ, ಅದರ ಉದ್ದೇಶವಾಗಲಿ ಪರಿಣಾಮವಾಗಲಿ ಇತರರಿಗೆ ಸಮನಾಗಿ ಹಕ್ಕುಗಳನ್ನು ಅನುಭವಿಸದಂತೆ ಮಾಡುವುದಾದರೆ ಅದು ತಾರತಮ್ಯ. ಉದ್ದೇಶ ಇರಲೇಬೇಕೆಂದಿಲ್ಲ, ಪರಿಣಾಮವಾದರೂ ಸಾಕು. ಕೊನೆಗೆ ಇನ್ನೊಂದು ಮಾತು ಸೇರಿಸಿದ್ದಾರೆ: ಸಮಂಜಸ ಹೊಂದಾಣಿಕೆಯನ್ನು, ಅಂದರೆ ಅಂಗವಿಕಲರು ಇತರರಿಗೆ ಸಮನಾಗಿ ಪಾಲ್ಗೊಳ್ಳಲು ಬೇಕಾದ ತಕ್ಕ ಬದಲಾವಣೆಯನ್ನು, ನಿರಾಕರಿಸುವುದೂ ತಾರತಮ್ಯವೇ. ನಮ್ಮ ಮುಖ್ಯೋಪಾಧ್ಯಾಯರು ಒಳ್ಳೆಯವರೋ ಕೆಟ್ಟವರೋ ಎಂಬ ಪ್ರಶ್ನೆಯನ್ನೇ ಈ ವ್ಯಾಖ್ಯೆ ಬದಿಗೆ ಸರಿಸಿತು. ನನಗೆ ಅನ್ನ ಹಾಕಿದ ಶಾಲೆಯ ಮೇಲೆ ದ್ವೇಷದ ಆರೋಪ ಹೊರಿಸದೆಯೇ ನನ್ನ ಹಕ್ಕನ್ನು ಕೇಳಬಹುದಿತ್ತು. ಸಣ್ಣ ಊರಿನಲ್ಲಿ, ದಿನಾ ಒಂದೇ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚಿ ಉಣ್ಣುವವರಿಗೆ ಇದು ಎಷ್ಟು ದೊಡ್ಡ ಉಪಕಾರವೆಂದು ಉಂಡವರಿಗೇ ಗೊತ್ತು.

ಎಲ್ಲರಿಗೂ ಒಂದೇ ನಿಯಮ ಎಂಬ ವಾದಕ್ಕೆ ಗೆಳತಿ ಒಂದು ತೀರ್ಪನ್ನು ತೋರಿಸಿದಳು. ಸೇನೆಯಲ್ಲಿ ಕಾಯಂ ನೇಮಕಾತಿ ಕೇಳಿದ ಮಹಿಳಾ ಅಧಿಕಾರಿಗಳ ನಿತಿಶಾ ಪ್ರಕರಣ, 2021ರ ಮಾರ್ಚ್ 25ರದು. ಗಂಡಸರಿಗೂ ಹೆಂಗಸರಿಗೂ ವೈದ್ಯಕೀಯ ಅರ್ಹತೆಯ ಅಳತೆಗೋಲು ಒಂದೇ ಇತ್ತು. ಆದರೆ ಗಂಡಸರು ಅದನ್ನು ಎಳೆಯ ವಯಸ್ಸಿನಲ್ಲೇ ದಾಟಿ ಆಗಿತ್ತು. ಹೆಂಗಸರಿಗೆ ಆ ಅವಕಾಶವನ್ನೇ ವರ್ಷಗಟ್ಟಲೆ ಕೊಡದೆ, ವಯಸ್ಸು ನಲವತ್ತು ದಾಟಿದ ಮೇಲೆ ಅದೇ ಅಳತೆಗೋಲನ್ನು ಮುಂದಿಟ್ಟಿದ್ದರು. ನೋಡಲು ತಟಸ್ಥವಾಗಿರುವ ನಿಯಮವೂ ಪರಿಣಾಮದಲ್ಲಿ ತಾರತಮ್ಯವಾಗಬಹುದು, ಅದನ್ನು ಪರೋಕ್ಷ ತಾರತಮ್ಯ ಎನ್ನುತ್ತಾರೆ ಎಂದು ಸುಪ್ರೀಂ ಕೋರ್ಟ್ ಅಲ್ಲಿ ವಿವರವಾಗಿ ಹೇಳಿದೆ. ಪ್ರತಿಯೊಬ್ಬ ಟೀಚರೂ ಸರದಿಯಂತೆ ಹೆದ್ದಾರಿ ಬದಿಯಲ್ಲಿ ನಿಲ್ಲಬೇಕು ಎಂಬ ನಮ್ಮ ನಿಯಮಕ್ಕೂ ಅದಕ್ಕೂ ಏನು ವ್ಯತ್ಯಾಸ?

ನಲವತ್ತರ ತಗಾದೆಗೆ ಇನ್ನೊಂದು ತೀರ್ಪು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿ ನಾಗರಿಕ ಸೇವಾ ಪರೀಕ್ಷೆಗೆ ಲಿಪಿಕಾರರನ್ನು ಕೇಳಿದ್ದರು. ಮಾನದಂಡದ ಅಂಗವೈಕಲ್ಯ ಇಲ್ಲವೆಂದು ಕೊಡಲಿಲ್ಲ. 2021ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಮಾನದಂಡದ ಅಂಗವೈಕಲ್ಯ ಕಾಯ್ದೆಯ ಕೆಲವು ನಿರ್ದಿಷ್ಟ ಸೌಲಭ್ಯಗಳಿಗೆ ಮಾತ್ರ ಶರತ್ತು, ಸಮಂಜಸ ಹೊಂದಾಣಿಕೆ ಪ್ರತಿಯೊಬ್ಬ ಅಂಗವಿಕಲ ವ್ಯಕ್ತಿಯ ಹಕ್ಕು, ಎರಡನ್ನೂ ಕಲಸಬಾರದು ಎಂಬುದು ಅದರ ಸಾರ. ಆ ತೀರ್ಪಿನ ಪುಟಗಳನ್ನು ನಾನು ಝೆರಾಕ್ಸ್ ಮಾಡಿಸಿ ಫೈಲಿಗೆ ಹಾಕಿಕೊಂಡೆ.

ಎರಡನೆಯ ಅರ್ಜಿಯನ್ನು ಕನ್ನಡದಲ್ಲೇ ಬರೆದೆ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೂ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಬರೆದು ತಮ್ಮ ಭಾಷೆಯಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಈ ಹಕ್ಕನ್ನು ಬಳಸದೆ ಬಿಟ್ಟರೆ ಅದು ಕಾಗದದ ಮೇಲೆಯೇ ಉಳಿಯುತ್ತದೆ ಎಂದು ನಂಬಿದವಳು ನಾನು. ಇನ್ನೊಂದು ಸಂಗತಿ ಅಂದು ಹೊಳೆಯಿತು: ಸಂವಿಧಾನದ 15ನೆಯ ವಿಧಿ ತಾರತಮ್ಯಕ್ಕೆ ಎಡೆಯಿಲ್ಲವೆಂದು ಹೇಳುವಾಗ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಎಂದು ಎಣಿಸುತ್ತದೆ. ಅಂಗವೈಕಲ್ಯ ಆ ಸಾಲಿನಲ್ಲಿಲ್ಲ, ಭಾಷೆಯೂ ಇಲ್ಲ. ಭಾಷೆಗೆ 29ರ ಮೊರೆ ಹೋಗಬೇಕು, ಅಂಗವೈಕಲ್ಯಕ್ಕೆ 2016ರ ಕಾಯ್ದೆಯ ಮೊರೆ ಹೋಗಬೇಕು. ಕಾಸರಗೋಡಿನ ಕನ್ನಡದ ಟೀಚರಿಗೆ ಎರಡೂ ಬೇಕಾಯಿತು.

ಅರ್ಜಿಯಲ್ಲಿ ಒಂದೊಂದು ಬೇಡಿಕೆಯ ಎದುರಿಗೂ ಅದರ ಆಧಾರವನ್ನು ಬರೆದೆ. ಲೈಬ್ರರಿಗೆ ಹಾಕುವ ಸೂಚನೆ 2(ಎಚ್)ನ ಹೊರಗಿಡುವಿಕೆ ಎಂದೂ, ಉದ್ಯೋಗದ ಯಾವ ವಿಷಯದಲ್ಲೂ ತಾರತಮ್ಯ ಮಾಡಬಾರದೆಂಬ ಸೆಕ್ಷನ್ 20ಕ್ಕೆ ಅದು ವಿರುದ್ಧವೆಂದೂ ಬರೆದೆ. ಮಕ್ಕಳ ಸುರಕ್ಷತೆಯ ಮಾತಿಗೆ ಸೆಕ್ಷನ್ 3(3) ಇದೆ. ನ್ಯಾಯಸಮ್ಮತ ಗುರಿಯೊಂದನ್ನು ಸಾಧಿಸಲು ಅದಕ್ಕೆ ತಕ್ಕ ಪ್ರಮಾಣದ ಕ್ರಮ ಎಂದು ತೋರಿಸಿಕೊಟ್ಟರೆ ಮಾತ್ರ ಭೇದಕ್ಕೆ ರಿಯಾಯಿತಿ ಉಂಟು. ಮಕ್ಕಳ ಸುರಕ್ಷತೆ ನ್ಯಾಯವಾದ ಗುರಿಯೇ, ಅದರಲ್ಲಿ ಎರಡು ಮಾತಿಲ್ಲ. ಅದು ಮೇಜು ಸರಿಸಿದರೆ ಈಡೇರುವುದಾದರೆ ಟೀಚರನ್ನೇ ತರಗತಿಯಿಂದ ಎತ್ತಿಬಿಡುವುದು ತಕ್ಕ ಪ್ರಮಾಣ ಹೇಗಾಗುತ್ತದೆ? ಹೆದ್ದಾರಿ ಬದಿಯಲ್ಲಿ ನನ್ನನ್ನು ನಿಲ್ಲಿಸಬೇಡಿ ಎಂದು ನಾನು ಕೇಳಿದ್ದೂ ಅದೇ ಸುರಕ್ಷತೆಗಾಗಿ.

ಲಿಖಿತ ಉತ್ತರದಲ್ಲಿ ಮ್ಯಾನೇಜರ್ ಹೊಸ ತಕರಾರು ತೆಗೆದರು. ಸೆಕ್ಷನ್ 20 ಹೇಳುವುದು ಸರಕಾರಿ ಸಂಸ್ಥೆಗೆ, ನಮ್ಮದು ಖಾಸಗಿ ಆಡಳಿತದ ಶಾಲೆ, ನಮಗೆ ಅನ್ವಯಿಸುವುದಿಲ್ಲ ಎಂದು. ಇದಕ್ಕೂ ಉತ್ತರ ವ್ಯಾಖ್ಯೆಯಲ್ಲೇ ಇತ್ತು. 2(ಕೆ) ಸರಕಾರಿ ಸಂಸ್ಥೆ ಎಂದು ಕರೆಯುವಾಗ ಸರಕಾರದ ಒಡೆತನದ, ಸರಕಾರದ ಹತೋಟಿಯ ಅಥವಾ ಸರಕಾರದ ಅನುದಾನ ಪಡೆಯುವ ಸಂಸ್ಥೆಗಳನ್ನೂ ಸೇರಿಸಿದೆ. ನನ್ನ ಸಂಬಳ ಪ್ರತಿ ತಿಂಗಳೂ ಬರುವುದು ಸರಕಾರದ ಖಜಾನೆಯಿಂದ. ಅದರ ಪುರಾವೆಯಾಗಿ ನನ್ನ ಸಂಬಳದ ಚೀಟಿಯನ್ನೇ ಲಗತ್ತಿಸಿದೆ. ಕಟ್ಟಡಕ್ಕೆ ಖರ್ಚು ಎಂಬ ವಾದವೂ ಇತ್ತು. ಸಮಂಜಸ ಹೊಂದಾಣಿಕೆಯ ವ್ಯಾಖ್ಯೆ 2(ವೈ)ನಲ್ಲಿ ಸಂಸ್ಥೆಯ ಮೇಲೆ ಅಳತೆ ಮೀರಿದ ಅಥವಾ ಅನುಚಿತ ಹೊರೆ ಬೀಳಬಾರದು ಎಂಬ ಮಿತಿ ಇರುವುದು ನಿಜ. ಆ ಮಿತಿ ಇರುವುದು ನ್ಯಾಯವೂ ಹೌದು. ಲಿಫ್ಟ್ ಕಟ್ಟಿಸಿ ಎಂದು ನಾನು ಕೇಳಿದ್ದರೆ ಆ ವಾದಕ್ಕೆ ತೂಕವಿರುತ್ತಿತ್ತು. ಮೇಜು ಶಾಲೆಯದೇ, ಸರಿಸುವ ಕೈಗಳು ನಮ್ಮವೇ, ಖರ್ಚಾಗುವುದು ಬಣ್ಣಕ್ಕೆ ಮಾತ್ರ.

ಮುಂದಿನ ದಾರಿಯನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಅದರಲ್ಲಿ ಕಾಯುವುದೇ ಹೆಚ್ಚು. ಸೆಕ್ಷನ್ 23ರಂತೆ ಪ್ರತಿ ಸರಕಾರಿ ಸಂಸ್ಥೆಯೂ ಕುಂದುಕೊರತೆ ಪರಿಹಾರ ಅಧಿಕಾರಿಯನ್ನು ನೇಮಿಸಬೇಕು, ಅವರು ದೂರುಗಳ ರಿಜಿಸ್ಟರ್ ಇಡಬೇಕು, ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆ ಮಾಡಬೇಕು. ನಮ್ಮ ಶಾಲೆಯಲ್ಲಿ ಅಂಥ ಅಧಿಕಾರಿಯೇ ಇರಲಿಲ್ಲ. ಇಲ್ಲವೆಂಬುದನ್ನೇ ಬರೆದು ಕೊಡಿ ಎಂದು ಕೇಳಿದೆ. ಶಿಕ್ಷಣಾಧಿಕಾರಿಯ ಕಚೇರಿಗೆ ಹೋದೆ. ಓಣಂ ರಜೆ ಮುಗಿಯಲಿ ಎಂದರು, ಓಣಂ ಮುಗಿಯಿತು. ಜಿಲ್ಲಾ ಮಟ್ಟದ ಸಮಿತಿಗೆ ಬರೆದೆ. ಕಡೆಗೆ ರಾಜ್ಯದ ಇನ್ನೊಂದು ತುದಿಯ ತಿರುವನಂತಪುರಕ್ಕೆ, ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕಳಿಸಿದೆ. ಆಯುಕ್ತರ ಶಿಫಾರಸಿಗೆ ಬಲವಿಲ್ಲ ಎಂದು ಹಲವರು ಹೇಳಿ ನನ್ನನ್ನು ತಡೆದಿದ್ದರು. ಸೆಕ್ಷನ್ 81ರಂತೆ ಶಿಫಾರಸು ತಲುಪಿದ ಮೂರು ತಿಂಗಳೊಳಗೆ ಕ್ರಮ ಕೈಗೊಂಡು ತಿಳಿಸಬೇಕು, ಒಪ್ಪದಿದ್ದರೆ ಕಾರಣವನ್ನು ಬರೆದು ಆಯುಕ್ತರಿಗೂ ದೂರುದಾರರಿಗೂ ಕೊಡಬೇಕು. ಕಾರಣವನ್ನು ಕಾಗದದ ಮೇಲೆ ಬರೆಯಬೇಕಾಗಿ ಬರುವುದೇ ಸಣ್ಣ ಬಲವಲ್ಲ. ಬಾಯಿಮಾತಿನಲ್ಲಿ ಸಲೀಸಾಗಿ ಬರುವ "ಆಗುವುದಿಲ್ಲ" ಎಂಬುದು ಸಹಿ ಹಾಕುವಾಗ ಕೈ ನಡುಗಿಸುತ್ತದೆ.

ನಮ್ಮಲ್ಲಿ ಆದದ್ದೂ ಅದೇ. ನೋಟಿಸ್ ಬಂದ ಮೇಲೆ, ಶಿಫಾರಸಿನವರೆಗೂ ಹೋಗುವ ಮೊದಲೇ ಮ್ಯಾನೇಜರ್ ಮಾತುಕತೆಗೆ ಕರೆದರು. ಮುಖ್ಯೋಪಾಧ್ಯಾಯರು, ಪಿ.ಟಿ.ಎ. ಅಧ್ಯಕ್ಷರು, ನಾನು, ನನ್ನ ಗೆಳತಿ ಸುತ್ತ ಕುಳಿತೆವು. ಕಾಯ್ದೆಯ ಪ್ರತಿಯನ್ನು ನಾನು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟು, "ಸರ್, ನೀವು ಭೇದ ಮಾಡುವವರೆಂದು ನಾನು ಎಲ್ಲೂ ಬರೆದಿಲ್ಲ. ಈ ಕೊನೆಯ ಸಾಲನ್ನು ನೀವೇ ಓದಿ" ಎಂದೆ. ಅವರು ಕನ್ನಡಕ ಏರಿಸಿ, 2(ಎಚ್)ನ ಕೊನೆಯ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದಿದರು. ಎರಡನೆಯ ಸಲ ತಮಗೇ ಕೇಳಿಸುವಂತೆ ಓದಿದರು. ಆಮೇಲೆ ಮ್ಯಾನೇಜರ್ ಕಡೆ ತಿರುಗಿ, "ಹೀಗೆ ಬರೆದಿದ್ದರೆ ನಾವು ಕೊಡದೇ ಇರುವುದೇ ತಪ್ಪಾಗುತ್ತದೆ" ಎಂದರು. ಅಲ್ಲಿಂದ ಮುಂದೆ ಮಾತು ಬೇಗ ಬೇಗ ಸಾಗಿತು.

ಮೇಜು ಅಂದೇ ಸಂಜೆ ಎಡಮೂಲೆಗೆ ಹೋಯಿತು. ರಸ್ತೆಯ ಡ್ಯೂಟಿಯ ಬದಲಿಗೆ ಮಧ್ಯಾಹ್ನದ ಊಟದ ಲೆಕ್ಕಪತ್ರ ಮತ್ತು ಬೆಳಗಿನ ಅಸೆಂಬ್ಲಿ ನನ್ನ ಪಾಲಿಗೆ ಬಂತು. ಕೆಲಸ ಕಡಿಮೆಯಾಗಬಾರದು, ಬದಲಾಗಬೇಕು ಎಂದು ನಾನೇ ಪಟ್ಟು ಹಿಡಿದಿದ್ದೆ. ಮೆಟ್ಟಿಲಿನ ಹಳದಿ ಬಣ್ಣ ಕ್ರಿಸ್‌ಮಸ್ ಪರೀಕ್ಷೆ ಮುಗಿಯುವವರೆಗೂ ಎಳೆಯಿತು. ಬಳಿದ ಮೇಲೆ ಮೊದಲು ಮೆಚ್ಚಿದವರು ಎರಡೂ ಕಣ್ಣು ಚೆನ್ನಾಗಿರುವ ನಮ್ಮ ಹಿಂದಿ ಟೀಚರ್. ಮಳೆಗಾಲದ ಮೋಡದ ದಿನ ತಾವೂ ಅಲ್ಲಿ ಎಡವುತ್ತಿದ್ದುದಾಗಿ ಹೇಳಿದರು. ಕೆಳಗಿನ ಮಹಡಿಯ ಬೇಡಿಕೆ ಪೂರ್ತಿ ಈಡೇರಲಿಲ್ಲ. ಕೋಣೆಗಳು ಕಡಿಮೆ, ಏಳನೆಯ ತರಗತಿ ಮೇಲೆಯೇ ಇದೆ. ಆ ತರಗತಿಯನ್ನು ಬಿಟ್ಟುಕೊಡಲು ನಾನು ಒಪ್ಪಲಿಲ್ಲ. ಹಳದಿ ಅಂಚು ಹಿಡಿದು ಹತ್ತಿ ಇಳಿಯುತ್ತಿದ್ದೇನೆ. ಲೈಬ್ರರಿಯ ಸೂಚನೆಯನ್ನು ಸ್ಟಾಫ್ ಕೌನ್ಸಿಲ್‌ನ ನಡಾವಳಿ ಪುಸ್ತಕದಲ್ಲೇ ಹಿಂತೆಗೆದುಕೊಂಡದ್ದಾಗಿ ಬರೆಸಿದೆ. ನಾಳೆ ಹಿರಿತನದ ಪ್ರಕಾರ ಮುಖ್ಯೋಪಾಧ್ಯಾಯರ ಹುದ್ದೆಯ ಮಾತು ಬಂದಾಗ ಆ ಹಳೆಯ ಸೂಚನೆ ಯಾರ ಕೈಗೂ ಅಸ್ತ್ರವಾಗಬಾರದು. ಅಂಗವೈಕಲ್ಯದ ಕಾರಣ ಒಂದಕ್ಕೇ ಬಡ್ತಿ ನಿರಾಕರಿಸಬಾರದೆಂದು ಸೆಕ್ಷನ್ 20(3) ಹೇಳುತ್ತದೆ; ಆದರೂ ದಾಖಲೆ ಸ್ವಚ್ಛವಾಗಿದ್ದರೆ ಒಳ್ಳೆಯದು.

ನೋಟ್‌ಪುಸ್ತಕದ ಆ ಹುಡುಗಿ ಈಗ ಆರನೆಯ ತರಗತಿ. ಅವಳ ತರಗತಿಯಲ್ಲಿ ಕಿವಿ ಮಂದವಿರುವ ಹುಡುಗನೊಬ್ಬ ಇದ್ದಾನೆ. ಎತ್ತರದ ಪ್ರಕಾರ ಕೂರಿಸುವುದರಿಂದ ಅವನಿಗೆ ಹಿಂದಿನ ಬೆಂಚು. ಎತ್ತರದ ನಿಯಮ ಎಲ್ಲರಿಗೂ ಒಂದೇ. ಸೆಕ್ಷನ್ 16 ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳಿಗೆ ಆಯಾ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡುವ ಹೊಣೆ ಹೊರಿಸಿದೆ. ಅವನ ತಂದೆ ಗಲ್ಫಿನಲ್ಲಿ, ತಾಯಿಗೆ ಮನೆಯಲ್ಲಿ ತುಳು, ಕಾಗದಪತ್ರಕ್ಕೆ ಕನ್ನಡ. ಶೇಕಡಾ ಎಷ್ಟೆಂದು ಇನ್ನೂ ಯಾರೂ ಅಳೆದಿಲ್ಲ, ಅಳೆಯುವವರೆಗೆ ಕಾಯಬೇಕಾಗಿಯೂ ಇಲ್ಲ. ಅರ್ಜಿಯ ಕರಡನ್ನು ನಾನೇ ಬರೆದು ಕೊಟ್ಟಿದ್ದೇನೆ. ಬರುವ ಸೋಮವಾರದ ಸ್ಟಾಫ್ ಕೌನ್ಸಿಲ್ ಸಭೆಯಲ್ಲಿ ಅದು ಮೊದಲ ವಿಷಯ. ಜೊತೆಗೆ, ಪ್ರತಿ ಸಂಸ್ಥೆಯೂ ಹೊರಡಿಸಬೇಕೆಂದು ಸೆಕ್ಷನ್ 21 ಹೇಳಿರುವ ಸಮಾನ ಅವಕಾಶ ನೀತಿಯ ಕರಡನ್ನೂ ಮಂಡಿಸುತ್ತೇನೆಂದು ಮುಖ್ಯೋಪಾಧ್ಯಾಯರಿಗೆ ಹೇಳಿ ಆಗಿದೆ.